ತಾಂಡೇಲರೆಂಬ ಹೆಸರು

ನನ್ನ ಗಂಡನ ಹೆಸರು ಗುಣಪಾಲ. ಕಾಪುವಿನಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ನಮ್ಮ ಮನೆ ತೋರಿಸುವುದಿಲ್ಲ. ತಾಂಡೇಲರ ಮನೆ ಅನ್ನಬೇಕು. ಬೋಟು ನಡೆಸುವವನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಇವರು ಅದೇ. ಬೋಟಿಗೆ ಜನ ಕಟ್ಟುವವರೂ ಇವರೇ. ಇವರು ಕೆಲಸ ಬಿಟ್ಟು ಇಳಿದರೆ ಜೊತೆಗೆ ಏಳು ಜನ ಇಳಿಯುತ್ತಾರೆ, ಬೋಟು ಬಂದರಿನ ದಕ್ಕೆಯಲ್ಲಿ ಕೂರುತ್ತದೆ.

ಎರಡು ವರ್ಷದಿಂದ ಇವರ ಕಣ್ಣು ಸರಿಯಿಲ್ಲ. ಕಣ್ಣಿನ ನರವೇ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ನನ್ನನ್ನು ಬಿಟ್ಟರೆ ಬೇರಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆವು. ಹೋದ ತಿಂಗಳು ನಡುಹಗಲಿನಲ್ಲಿ ಬೋಟನ್ನು ನೇರ ಬಂಡೆಯ ಕಡೆಗೆ ಬಿಟ್ಟರಂತೆ. ಅಲೆ ಒಡೆಯುವ ಸದ್ದು ಕೇಳಿ ತಿರುಗಿಸಿದ್ದು. ಮನೆಗೆ ಬಂದು ಅವರೇ ನನಗೆ ಹೇಳಿದರು.

"ಸಾಕು, ಬಿಟ್ಟುಬಿಡಿ" ಎಂದೆ.

"ಬಿಟ್ಟು, ಆ ಏಳು ಮನೆಯವರಿಗೆ ಎಂತ ಹೇಳುವುದು ನಳಿನಾಕ್ಷಿ?"

ನನಗೆ ಮೈಯೆಲ್ಲ ಉರಿಯಿತು. ಮುಳುಗಿದ ಮೇಲೆ ಹೇಳಿ ಎಂದು ಒಳಗೆ ಹೋದೆ.

ಮೊನ್ನೆ ಮಣಿಪಾಲದಲ್ಲಿ ಓದುವ ಜೆನಿಟಾ ಎಂಬ ಹುಡುಗಿ ಬಂದಿದ್ದಳು. ಕಡಲಿನ ಕಸುಬಿನ ಶಬ್ದಗಳ ಮೂಲ ಹುಡುಕುತ್ತಾಳಂತೆ. ತಾಂಡೇಲ ಎಂಬುದು ಮರಾಠಿಯಲ್ಲೂ ಉಂಟು, ಮಲಯಾಳದಲ್ಲಿ ತಂಡಲ್, ತೆಲುಗಿನಲ್ಲಿ ತಂಡೇಲು, ಹಳೆಯ ಇಂಗ್ಲಿಷ್ ಹಡಗುಗಳಲ್ಲಿ ಟಿಂಡಲ್ ಎಂದಳು. ಆಳುಗಳ ಗುಂಪಿಗೆ ಮುಖ್ಯಸ್ಥ ಎಂದು ಅರ್ಥ. ಮೊದಲು ಎಲ್ಲಿ ಹುಟ್ಟಿತೋ ಖಚಿತವಿಲ್ಲ.

ಇವರು ಗಮನವಿಟ್ಟು ಕೇಳಿದರು. "ಹೆಸರು ಬಂದ ದಾರಿ ಹೇಳಿದಿ ಮಗಳೇ. ಅದನ್ನು ಬಿಟ್ಟು ಹೋದವರು ಯಾರಾದರೂ ಉಂಟಾ ನಿನ್ನ ಪುಸ್ತಕದಲ್ಲಿ?"

ತಮಾಷೆ ಎಂದುಕೊಂಡು ಅವಳು ನಕ್ಕಳು. ನನಗೆ ಅಳು ಬಂತು.

ಅವಳು ಹೋದ ಸ್ವಲ್ಪ ಹೊತ್ತಿಗೆ, ಮಲ್ಪೆ ಬಂದರಿಗೆ ಹೋಗುವ ಟೆಂಪೋ ಬಾಗಿಲಿಗೆ ಬಂತು. ಇವರ ತಂಗಿಯ ಮಗ ಲಕ್ಷಿತ್ ಇಳಿದ. ಅವನೂ ಅದೇ ಬೋಟಿನಲ್ಲಿ ದುಡಿಯುವವನು. ನಾನು ಅಂಗಳದಲ್ಲೇ ತಡೆದೆ.

"ನಿನ್ನ ಮಾವ ಬರುವುದಿಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ."

"ಗೊತ್ತುಂಟು ಮಾಮಿ. ನಮಗೆಲ್ಲರಿಗೂ ಗೊತ್ತುಂಟು."

"ಅವತ್ತು ಬಂಡೆ ನಿನಗೆ ಕಂಡಿತ್ತಾ?"

"ಕಂಡಿತ್ತು."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ ಮಾರಾಯ?"

"ತಾಂಡೇಲರಿಗೆ ದಾರಿ ಹೇಳುವುದುಂಟಾ ಮಾಮಿ?" ತಲೆ ತಗ್ಗಿಸಿ, ತುಂಬ ಮರ್ಯಾದೆಯಿಂದ ಹೇಳಿದ.

ಇವರು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಚೀಲವನ್ನು ಅವನ ಕೈಗೆ ಕೊಟ್ಟರು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಟೆಂಪೋದಲ್ಲಿದ್ದ ಬೋಟಿನ ಉಳಿದ ಆರು ಜನರೂ ಎದ್ದು, ಮುಂದಿನ ಸೀಟು ಬಿಟ್ಟುಕೊಟ್ಟರು.