ಬಲಗಡೆಯ ಬ್ರಾಕೆಟ್

ಪೀಣ್ಯದ ವರ್ಕ್‌ಶಾಪಿನ ನಂಜುಂಡಪ್ಪನವರು ಯಾವ ಡ್ರಾಯಿಂಗ್ ಕೊಟ್ಟರೂ ಮೊದಲು ಹಾಳೆಯನ್ನು ಮಗುಚಿ, ಟ್ಯೂಬ್‌ಲೈಟಿಗೆ ಹಿಡಿದು ಹಿಂಬದಿಯಿಂದ ನೋಡುತ್ತಾರೆ. ನಾನು ಒಳಗೊಳಗೇ ನಗುತ್ತಿದ್ದೆ.

ನಮ್ಮ ಕಂಪನಿ ಒಂದು ಪುಟ್ಟ ವಿಮಾನವನ್ನು ನೀರಿನ ಮೇಲೆ ಇಳಿಸಲು ಹೊರಟಿತ್ತು. ಚಕ್ರ ತೆಗೆದು, ದೋಣಿಯಂಥ ಎರಡು ಫ್ಲೋಟ್‌ಗಳನ್ನು ಕಂಬಿಗಳಿಂದ ಅದರ ಹೊಟ್ಟೆಗೆ ಬಿಗಿಯಬೇಕು. ಮುಂದಿನ ಕಂಬಿಗಳನ್ನು ಹಿಡಿಯುವ ಎರಡು ಬ್ರಾಕೆಟ್‌ಗಳು ನಾನು ಒಬ್ಬಳೇ ಮಾಡಿದ ಮೊದಲ ಡಿಸೈನ್. ಅವನ್ನು ತರಲು ವರ್ಕ್‌ಶಾಪಿಗೆ ಹೋದರೆ ಮೇಜಿನ ಮೇಲೆ ಒಂದೇ ಇತ್ತು.

"ಏನ್ ಮೇಡಂ, ನಿಮ್ ವಿಮಾನಕ್ಕೆ ಎರಡೂ ಎಡಗಾಲಾ?" ಅಂದರು ನಂಜುಂಡಪ್ಪನವರು. "ಇದು ಹೊರಕ್ಕೆ ವಾಲಿದೆ. ಇದನ್ನೇ ಬಲಗಡೆ ಹಾಕಿದ್ರೆ ಕಂಬಿ ಒಳಕ್ಕೆ ಹೋಗುತ್ತೆ."

ಎಡಗಡೆಯದನ್ನು ಬಿಡಿಸಿ 'ಎರಡು ಬೇಕು' ಎಂದಷ್ಟೇ ಬರೆದು, ಬಲಗಡೆಯದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು ಎಂದು ಬರೆಯುವುದನ್ನೇ ಮರೆತು ಸಹಿ ಹಾಕಿದ್ದೆ. ತಪ್ಪಾಗಿ ಕತ್ತರಿಸಿದರೆ ವಿಮಾನಕ್ಕೆ ಬಳಸುವ ಆ ಲೋಹದ ಇನ್ನೊಂದು ತುಂಡು ಸಿಗಲು ತಿಂಗಳುಗಳೇ ಬೇಕು.

"ಇನ್ನೊಂದನ್ನೂ ಕಟ್ ಮಾಡ್ಬಿಟ್ರಾ ಸಾರ್?"

"ಇಲ್ಲ, ತುಂಡು ಹಂಗೇ ಇದೆ. ಕೇಳೋಣ ಅಂದ್ರೆ ನೀವು ಫೋನೇ ಎತ್ತಲ್ಲ."

ಉಸಿರು ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಫೋನಲ್ಲಿ ಮಾತಾಡೋದು ನನಗೆ ಅಷ್ಟಕ್ಕಷ್ಟೆ. ಡ್ರಾಯಿಂಗ್ ತಿದ್ದಿ, ಮತ್ತೆ ಸಹಿ ಹಾಕಿ ಕೊಟ್ಟೆ.

"ನಮ್ ಮ್ಯಾನೇಜರ್‌ಗೆ ಹೇಳ್ಬೇಡಿ ಸಾರ್, ಪ್ಲೀಸ್."

ಅವರು ತಿದ್ದಿದ ಹಾಳೆಯನ್ನೂ ಮಗುಚಿ ಟ್ಯೂಬ್‌ಲೈಟಿಗೆ ಹಿಡಿದರು. ಹಿಂಬದಿಯಿಂದ ಎಡಗಡೆಯ ಬ್ರಾಕೆಟ್ ಬಲಗಡೆಯದಾಗಿ ಕಾಣುತ್ತಿತ್ತು.