ಗಟ್ಟಿ ಕಾಗದದ ಮೇಲೆ ಹಿಮ

ನನ್ನ ತಂಗಿ ದಿನಕ್ಕೊಂದು ಹಿಮದ ಚಿತ್ರ ತೆಗೆಯುತ್ತಿದ್ದ ಚಳಿಗಾಲದಲ್ಲಿ ನಾನು ಮಾನ್ವಿಯ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆ ರಾಯಚೂರಿನಲ್ಲಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಿಮ ನೋಡಬೇಕೆಂದು ಮೊದಲಿನಿಂದ ಆಸೆಪಟ್ಟವಳು ನಾನು, ನೋಡಿದವಳು ಅವಳು. ವಿಷಯ ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅವಳ ಗಂಡನನ್ನು ಮನೆಯವರು ಮೊದಲು ತೋರಿಸಿದ್ದು ನನಗೆ. ದೇವದುರ್ಗದವನು. ಕುರಿ, ಹೊಲ ಇದ್ದ ಮನೆ. ಡಿಪ್ಲೊಮಾ ಓದಿ, ಮಾನ್ವಿಯ ಹತ್ತಿರ ಕಾಲುವೆಯ ಕೆಲಸದಲ್ಲಿ ಓವರ್ಸಿಯರ್ ಆಗಿದ್ದ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಎರಡು ತಿಂಗಳಾಗಿತ್ತು. ಬೇಡ ಎಂದೆ. ಕಾರಣ ಹೇಳಲಿಲ್ಲ. ಕಾರಣ ಕಾಲುವೆ. ಅದರ ದಂಡೆಯ ಕ್ವಾರ್ಟರ್ಸಿನಲ್ಲಿ ಕೂತು ಕೆಂಪು ನೀರು ಹರಿಯುವುದನ್ನು ವರ್ಷಗಟ್ಟಲೆ ನೋಡುವುದು ನನ್ನಿಂದಾಗದು ಅನಿಸಿತ್ತು. ಬಿ.ಎ. ಎರಡನೇ ವರ್ಷದ ಒಂದು ವಿಷಯ ಉಳಿಸಿಕೊಂಡು ಮನೆಯಲ್ಲಿದ್ದ ತಂಗಿ ಹೂಂ ಎಂದಳು. ಮದುವೆಗೆ ನನ್ನ ಡಬ್ಬಿ ಕ್ಯಾಮೆರಾವನ್ನು ಅವಳಿಗೆ ಉಡುಗೊರೆ ಕೊಟ್ಟೆ. ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಕಾಲುವೆಯ ಚಿತ್ರ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ ಎಂದು ಒಳಗೊಳಗೇ ನಕ್ಕಿದ್ದು ಯಾರಿಗೂ ಕಾಣಲಿಲ್ಲ.

ಐದನೇ ತಿಂಗಳಿಗೆ ಅವನು ಯಾವಾಗಲೋ ಹಾಕಿದ್ದ ಅರ್ಜಿಗೆ ಉತ್ತರ ಬಂತು. ಗಡಿಯ ಕಡೆ ಬೆಟ್ಟಗಳಲ್ಲಿ ರಸ್ತೆ ಮಾಡುವ ಕೆಲಸ. ಸಿಮ್ಲಾ ದಾಟಿ ಇನ್ನೂ ಒಂದು ದಿನದ ದಾರಿ. ಇಬ್ಬರೂ ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಕಟ್ಟಿಕೊಂಡು ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಕ್ಯಾಮೆರಾ ತಂಗಿಯ ಕೊರಳಲ್ಲಿತ್ತು.

ಡಿಸೆಂಬರಿನಲ್ಲಿ ಅವಳ ಕಾಗದ ಬಂತು.

‘ಅಕ್ಕಾ, ಇವರು ಮುಂಜಾನೆ ಹಿಮ ಸರಿಸೋರ ಜೋಡಿ ಹೋದ್ರ ಸಂಜಿಗೇ ಬರ್ತಾರ. ಮಾತಾಡಾಕ ಯಾರೂ ಇಲ್ಲ. ಅದಕ್ಕ ದಿನಾ ಒಂದು ಫೋಟೋ ತೆಗಿಯಾಕತ್ತೀನಿ. ಒಂದೇ. ನೀರು ತರೋ ದಾರಿ, ನಳದ ಬಾಯಾಗ ಕಟ್ಟಿದ ಮಂಜಿನಗಡ್ಡಿ, ಏನಾರ. ಇಲ್ಲಿ ಸ್ಟುಡಿಯೋ ಇಲ್ಲ. ರೋಲು ನಿನಗ ಕಳಸ್ತೀನಿ. ತೊಳಸಿ, ಹಿಂದ ನಂಬರು ಹಾಕಿ ನನಗೊಂದು ಪ್ರತಿ ಕಳಸು. ಇನ್ನೊಂದು ದೇವದುರ್ಗಕ್ಕ ಒಯ್ದು ಅತ್ತಿಗೆ ತೋರಸು.’

ಒಂದು ರೋಲಿಗೆ ಹನ್ನೆರಡು ಚಿತ್ರ, ಎಂದರೆ ಹನ್ನೆರಡು ದಿನ. ಬೇಕಾದಷ್ಟು ತೆಗೆಯುವುದಲ್ಲ, ದಿನಕ್ಕೆ ಒಂದೇ. ಈ ಲೆಕ್ಕ, ಈ ಅಚ್ಚುಕಟ್ಟು ನನಗೆ ಹೊಳೆಯಬೇಕಾಗಿದ್ದ ವಿಷಯ. ತಲೆಬಾಚಣಿಗೆಯನ್ನು ಇಟ್ಟ ಜಾಗದಲ್ಲಿ ಇಡಲು ಬಾರದ ಹುಡುಗಿಗೆ ಅದು ಎಲ್ಲಿಂದ ಬಂತು ಎಂದು ಮಾನ್ವಿಯ ಬಸ್ಸಿನಲ್ಲಿ ಒಂದು ವಾರ ಯೋಚಿಸಿದೆ.

ಮೊದಲ ರೋಲನ್ನು ಊರಿನ ತೀನ್ ಕಂದೀಲ್ ಚೌಕದ ಹತ್ತಿರ ಒಬ್ಬ ವಯಸ್ಸಾದವರ ಸ್ಟುಡಿಯೋಕ್ಕೆ ಕೊಟ್ಟೆ. ಪಾಸ್‌ಪೋರ್ಟ್ ಅಳತೆಯ ಮುಖಗಳು, ಮದುವೆಗಳು, ಅಂಕಪಟ್ಟಿಯ ನಕಲುಗಳು, ಇವು ಅವರ ದಂಧೆ. ಎರಡು ದಿನ ಬಿಟ್ಟು ಹೋದಾಗ ಅವರು ನೆಗೆಟಿವನ್ನು ಬಲ್ಬಿಗೆ ಹಿಡಿದು ತಲೆ ಅಲ್ಲಾಡಿಸಿದರು.

“ಅಕ್ಕೋರ, ಪೂರಾ ಸುಟ್ಟು ಹೋಗ್ಯದರೀ. ಬಿಸಿಲು ಜಾಸ್ತಿ ಹೊಡದದ.”

“ಬಿಸಿಲಲ್ರೀ. ಹಿಮ ಅದು.”

“ಏನಾರ ಇರಲಿ. ಕಾಗದ ಬೆಳ್ಳಗ ಉಳದ್ರ ಗಿರಾಕಿ ನನಗ ಬೈತಾರ. ಫಿಕರ್ ಮಾಡಬ್ಯಾಡ್ರಿ, ಬಣ್ಣ ಬರೋತನಕ ದಬಾಯಿಸಿ ತೆಗೀತೀನಿ.”

ಅವರ ಇಷ್ಟು ವರ್ಷಗಳ ಕೆಲಸದಲ್ಲಿ ಬಿಳಿ ಉಳಿಯುವುದೆಂದರೆ ತಪ್ಪು. ಮುಖಗಳಿಗೆ ಬಳಸುವ ಮೆದು ಕಾಗದದ ಮೇಲೆ, ಬೇಕಾದ್ದಕ್ಕಿಂತ ಎರಡು ಪಟ್ಟು ಹೊತ್ತು ಬೆಳಕು ಬಿಟ್ಟು ಅಚ್ಚು ಹಾಕಿದರು. ಹನ್ನೆರಡು ಚೌಕಗಳೂ ಒಲೆಯ ಬೂದಿಯ ಬಣ್ಣಕ್ಕೆ ಬಂದವು. ಅಂಗಳ ಬೂದಿ, ಮಾಡು ಬೂದಿ, ನಳದ ಬಾಯಿಯ ಮಂಜುಗಡ್ಡೆ ಒಂದು ಕಪ್ಪು ಗಂಟು.

ನನಗೆ ಗೊತ್ತಿತ್ತು. ಧಾರವಾಡದಲ್ಲಿ ವಿಭಾಗದ ಕತ್ತಲೆಕೋಣೆಯಲ್ಲಿ ಎರಡು ವರ್ಷ ನಾನೇ ಅಚ್ಚು ಹಾಕಿದ್ದೆ. ಬೆಳಕು ಅರ್ಧ ಮಾಡಿ, ಕಪ್ಪು-ಬಿಳುಪು ಎದ್ದು ಕಾಣುವ ಗಟ್ಟಿ ಕಾಗದ ಹಾಕಿ ಎಂದರೆ ಸಾಕಿತ್ತು. ನಾನು ಹೇಳಿದ್ದು, “ಆಗಲಿ, ಹಂಗೇ ಕೊಡ್ರಿ.”

ಮನೆಯಲ್ಲಿ ಅವ್ವ ಚಿತ್ರಗಳನ್ನು ಓಣಿಗೆಲ್ಲ ತೋರಿಸಿದಳು. ಎದುರು ಮನೆಯಾಕೆ ಒಂದನ್ನು ಕೈಯಲ್ಲಿ ಹಿಡಿದು ದೂರ ಮಾಡಿ ನೋಡಿದಳು.

“ಇದೇನ್ ಬೇ, ನಿನ್ನ ಮಗಳು ಹತ್ತಿ ಗಿರಣಿ ಹಿಂದ ಅದಾಳೇನು? ಅರಳಿ ಕಸ ಚೆಲ್ಲಿದಂಗ ಅದ.”

“ಹಿಮ ಅದು! ದೊಡ್ಡ ದೊಡ್ಡ ಮಂದಿ ಹೋಗಿ ನೋಡಿ ಬರತಾರ.”

“ಹೌದಾ? ನೋಡಾಕ ಅಷ್ಟು ದೂರ ಯಾಕ ಹೋಗಬೇಕು, ನಮ್ಮ ಬಚ್ಚಲದ ಒಲಿ ತೋರಸ್ತೀನಿ ಬರ್ರಿ ಅನ್ನು.”

ಅವ್ವ ಸಿಟ್ಟಿನಿಂದ ಕಿತ್ತುಕೊಂಡಳು. ನಾನು ಒಳಗೆ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಆ ಸಂಜೆ ನನಗೆ ಹಸಿವೆ ಚೆನ್ನಾಗಿತ್ತು.

ಭಾನುವಾರ ದೇವದುರ್ಗಕ್ಕೆ ಹೋದೆ. ತಂಗಿಯ ಅತ್ತೆಗೆ ಅರವತ್ತರ ಹತ್ತಿರ. ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದ ಹೆಂಗಸು, ಈಗ ಕುರಿಹಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂತು ದೊಡ್ಡ ಮಗನಿಗೆ ಹುಕುಂ ಕೊಡುತ್ತಿದ್ದಳು. ಓದು ಬರುತ್ತಿರಲಿಲ್ಲ. ಚಿತ್ರದ ಮೇಲೆ ಹೆಬ್ಬೆರಳು ತಿಕ್ಕಿ ನೋಡಿದಳು.

“ಎಲ್ಲಿ ಬೆಂಕಿ ಬಿದ್ದದ, ಯವ್ವಾ?”

“ಬೆಂಕಿಯಲ್ಲ ಅತ್ತಿ, ಹಿಮ.”

“ಹಿಮ ಬೆಳ್ಳಗಿರತದ ಅಂತ ನನ್ನ ಮಗ ಹೇಳ್ಯಾನ. ಇದು ಬೂದಿ.”

ಉಳಿದ ಹನ್ನೊಂದನ್ನೂ ಅವಳ ಕೈಗೆ ಕೊಟ್ಟೆ. ಎರಡನೇ ರೋಲೂ ಹಾಗೇ ಬಂತು. ಸೊಸೆಯನ್ನು ಕರೆಸಿಬಿಡಬೇಕು ಎಂದು ಅವಳು ಆಗಲೇ ಅನ್ನತೊಡಗಿದ್ದನ್ನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಮೂರನೆಯದು ಬಂದಾಗ ಅವಳು ಚಿತ್ರಗಳನ್ನು ಪೂರ್ತಿ ನೋಡಲೂ ಇಲ್ಲ, ಮಡಿಲಲ್ಲಿ ಹಾಕಿಕೊಂಡು ಕೂತಳು.

“ದಿನಾ ಇದೇ ಬೂದ್ಯಾಗ ಕುಂದ್ರಾಕ ನನ್ನ ಸೊಸಿ ಏನ್ ಪಾಪ ಮಾಡ್ಯಾಳ? ಅವ ದುಡೀಲಿ, ಅವಂದು ನೌಕರಿ. ಆಕಿ ಇಲ್ಲಿಗೆ ಬಂದುಬಿಡಲಿ. ಮುಂದಿನ ಐತವಾರ ಬಂದು ಪತ್ರ ಬರದುಕೊಡು. ದೊಡ್ಡವನ್ನ ಕಳಸಿ ಕರಸ್ತೀನಿ.”

ತಂಗಿಯ ಗಂಡ ತಾಯಿಯ ಮಾತು ಮೀರುವವನಲ್ಲ. ಪತ್ರ ಹೋದರೆ ತಂಗಿ ಬರುತ್ತಾಳೆ. ಬಂದು ಈ ಹಟ್ಟಿಯ ಕಸ ಗುಡಿಸುತ್ತಾಳೆ, ಏಪ್ರಿಲ್ಲಿನ ಬಿಸಿಲಿಗೆ ನನ್ನಂತೆಯೇ ಬೇಯುತ್ತಾಳೆ. ಬಸ್ಸಿನಲ್ಲಿ ನಡುದಾರಿಯ ಗಬ್ಬೂರು ದಾಟುವವರೆಗೂ ನನಗೆ ಖುಷಿಯಾಗಿತ್ತು. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ.

ಮಾರನೇ ದಿನ ನಾಲ್ಕನೇ ರೋಲಿನ ಜೊತೆ ಅವಳ ಕಾಗದ ಬಂದಿತ್ತು.

‘ಅಕ್ಕಾ, ನೀ ಕಳಿಸಿದ ಫೋಟೋ ಮುಟ್ಟಿದವು. ನಾ ಕಂಡದ್ದೇ ಬ್ಯಾರೆ, ಬಂದದ್ದೇ ಬ್ಯಾರೆ. ಎಲ್ಲಿ ತಪ್ಪಾಕತ್ತೀನಿ ನೋಡಿ ಹೇಳು, ನಿನಗ ಗೊತ್ತಾಗತದ. ಅತ್ತಿ ನನ್ನ ಕರಸ್ತಾಳಂತ, ಅವ್ವ ಬರದಿದ್ಳು. ಕರದ್ರ ಬರಬೇಕಾಗತದ. ಬ್ಯಾಸಗಿತನಕ ತೆಗೀಬೇಕು, ಹಿಮ ಕರಗೋದನ್ನೂ ತೆಗೀಬೇಕು ಅಂತಿದ್ದೆ. ನಲವತ್ತೆಂಟು ಆದವು.’

ಅವಳು ಜಂಬ ಕೊಚ್ಚಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪು ತನ್ನ ಕೈಯದೇ ಎಂದುಕೊಂಡಿದ್ದಳು. ನನ್ನ ಮೇಲೆ ಸಂಶಯಪಡಬಹುದು ಎಂಬುದೇ ಅವಳಿಗೆ ತೋಚಿರಲಿಲ್ಲ. ರೋಲನ್ನು ಸ್ಟುಡಿಯೋಕ್ಕೆ ಕೊಟ್ಟು, ಕಾಗದವನ್ನು ಪಾಠದ ಟಿಪ್ಪಣಿಗಳ ನಡುವೆ ಇಟ್ಟುಕೊಂಡು ಎರಡು ದಿನ ಮಾನ್ವಿಗೆ ಹೋಗಿ ಬಂದೆ.

ಮೂರನೇ ದಿನ ಸಂಜೆ ಸ್ಟುಡಿಯೋದಲ್ಲಿ ತೊಳೆದು ಒಣಗಿಸಿದ ನೆಗೆಟಿವನ್ನು ನಾನೇ ಕಿಟಕಿಗೆ ಹಿಡಿದೆ. ನಲವತ್ತೊಂದನೇ ದಿನದ್ದು. ಇಳಿಜಾರಿನ ಬಯಲು, ಅದರ ಅಡ್ಡಕ್ಕೆ ಹಾದುಹೋದ ಸಣ್ಣ ಗುರುತುಗಳ ಸಾಲು, ಮೂಲೆಯಲ್ಲಿ ಮುರಿದ ಬೇಲಿಯ ಒಂದು ಕಂಬ. ಕಂಬ ಎಲ್ಲಿರಬೇಕೋ ಅಲ್ಲೇ ಇತ್ತು. ಅದಕ್ಕಿಂತ ಒಂದು ಬೆರಳು ಈಚೆ ಆಗಿದ್ದರೆ ಚಿತ್ರ ಕೆಡುತ್ತಿತ್ತು. ನಾನು ಧಾರವಾಡದಲ್ಲಿ ಎರಡು ವರ್ಷ ತೆಗೆದ ಚಿತ್ರಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಅದು ಸಾಧಾರಣ ಚಿತ್ರವಾಗಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಆದರೆ ಅದನ್ನು ಅದು ಇರುವ ಹಾಗೆ ಒಮ್ಮೆ ನೋಡದೆ ಇರಲು ಆಗಲಿಲ್ಲ.

“ಅಂಕಪಟ್ಟಿ ನಕಲು ತೆಗಿಯೋ ಗಟ್ಟಿ ಕಾಗದ ಅದಲ್ರೀ,” ಎಂದೆ. “ಇವನ್ನ ಅದರ ಮ್ಯಾಲ ಹಾಕ್ರಿ. ಬೆಳಕು ಅರ್ಧ ಮಾಡ್ರಿ.”

“ಬೆಳ್ಳಗ ಉಳೀತದರೀ. ಆಮ್ಯಾಲ ಗಿರಾಕಿ ಬೈದ್ರ?”

“ಗಿರಾಕಿ ನಾನೇ ಅಲ್ರೀ.”

ಅವರು ನಕ್ಕು ನನ್ನನ್ನೂ ಒಳಗೆ ಕರೆದರು. ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ದ್ರಾವಣದಲ್ಲಿ ಮೊದಲು ಕಂಬ ಬಂತು. ಆಮೇಲೆ ಗುರುತುಗಳು ಒಂದೊಂದಾಗಿ, ಅಂಚುಗಳ ಸಮೇತ. ಉಳಿದದ್ದೆಲ್ಲ ಬಿಳಿಯಾಗಿಯೇ ಉಳಿಯಿತು, ಆದರೆ ಖಾಲಿಯಾಗಿರಲಿಲ್ಲ. ಗಾಳಿ ಎತ್ತ ಬೀಸಿತ್ತು ಎಂಬುದು ಕೂಡ ಸಣ್ಣ ಏರಿಳಿತಗಳಲ್ಲಿ ಕಾಣುತ್ತಿತ್ತು.

“ಯಾ ಅಲ್ಲಾ!” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ಮೂರು ರೋಲಿನ ಫೋಟೋ ಹಾಳು ಮಾಡಿಬಿಟ್ಟೆ ನಾನು. ಇದು ಗೊತ್ತಿದ್ದವರು ಮೊದಲಽ ಯಾಕ ಹೇಳಲಿಲ್ರೀ, ಅಕ್ಕೋರ?”

ನಾನು ಚಿಮಟಿಗೆಯಿಂದ ಚಿತ್ರವನ್ನು ಎತ್ತಿ ನೀರಿಗೆ ಹಾಕಿದೆ.

ಭಾನುವಾರ ದೇವದುರ್ಗದ ಮನೆಯಲ್ಲಿ ಇನ್‌ಲ್ಯಾಂಡ್ ಲೆಟರ್ ತರಿಸಿ ಇಟ್ಟಿದ್ದರು. ಮೊದಲು ಇವನ್ನು ನೋಡಿ ಎಂದು ಹೊಸ ಹನ್ನೆರಡನ್ನು ತಂಗಿಯ ಅತ್ತೆಯ ಕೈಗೆ ಕೊಟ್ಟೆ. ಮೇಲಿದ್ದದ್ದು ನಲವತ್ತೊಂದು.

“ಇದೇನು, ಬರೇ ಬಿಳೀ ಕಾಗದ ತಂದೀಯಲ್ಲ ಯವ್ವಾ.”

ಅಷ್ಟೆಂದವಳು ಚಿತ್ರವನ್ನು ಓರೆ ಮಾಡಿದಳು. ಎದ್ದು ಬಾಗಿಲ ಬೆಳಕಿಗೆ ಹೋದಳು. ಅಲ್ಲಿಂದಲೇ ದೊಡ್ಡ ಮಗನಿಗೆ ಕೂಗಿದಳು.

“ಬಾ ಲೇ ಇಲ್ಲಿ! ಕುರಿ ಹಾದು ಹೋಗ್ಯಾವ ನೋಡು!”

ನನಗೆ ಕಂಡದ್ದು ಗುರುತುಗಳ ಸಾಲು ಮಾತ್ರ. ಅವಳು ಉಗುರಿಟ್ಟು ತೋರಿಸಿದಳು.

“ಹತ್ತರ ಮ್ಯಾಲ ಅದಾವ. ಮುಂದ ಟಗರು. ಮೈಭಾರ ನೋಡು, ಹೆಂಗ ಇಳದದ. ಇದು ತಾಯಿ. ಇದರ ಬಗಲಾಗ ಮರಿ. ಮರಿ ಹಿಂದಿನ ಒಂದು ಕಾಲು ಊರವಲ್ಲದು, ಎಳಕೊಂಡು ಹೋಗ್ಯದ. ಮುಳ್ಳು ಮುರದಿರಬೇಕು.”

“ಅಲ್ಲಿ ಮುಳ್ಳೆಲ್ಲಿ ಅದಬೇ, ಹಿಮದಾಗ?” ಎಂದ ಮಗ.

“ನೀ ಹೋಗಿ ನೋಡಿಯೇನು? ಸುಮ್ನಿರು.”

ಅವಳು ಮತ್ತೆ ಕಟ್ಟೆಗೆ ಬಂದು ಕೂತು ಉಳಿದ ಹನ್ನೊಂದನ್ನೂ ಒಂದೊಂದಾಗಿ ಓರೆ ಮಾಡಿ ನೋಡಿದಳು. ಆಮೇಲೆ ಬರಿ ಎಂದಳು. ನಾನು ಪೆನ್ನು ತೆಗೆದೆ.

“ಬರಾದು ಬ್ಯಾಡ ಅಂತ ಬರಿ. ಕುರಿ ಅದಾವಂದ ಮ್ಯಾಲ ಕಾಯಾವ ಅದಾನ, ಅವಂಗೊಬ್ಬಾಕಿ ಹೆಂಡತಿ ಇದ್ದಾಳು. ಮಾತಾಡಾಕ ಯಾರೂ ಇಲ್ಲ ಅಂತ ಮನ್ಯಾಗ ಯಾಕ ಕುಂತೀ, ಹೋಗಿ ಮಾತಾಡಸು ಅಂತ ಬರಿ. ಭಾಷಾ ಬರದಿದ್ರ ಕುರಿ ಹೆಸರು ಹಿಡಿದು ಶುರು ಮಾಡು ಅನ್ನು. ಆ ಮರಿ ಕಾಲಿಗೆ ಬೇವಿನೆಣ್ಣಿ ಹಚ್ಚಾಕ ಹೇಳು. ಅಲ್ಲಿ ಬೇವು ಇಲ್ಲ ಅಂದ್ರ ನಾ ಕಳಸ್ತೀನಿ. ದಿನಾ ಒಂದು ಫೋಟೋ ತೆಗಿ. ಹಿಮ ಕರಗಿದ ಮ್ಯಾಲ ಹುಲ್ಲು ಹೆಂಗ ಬರತದ, ಅದನ್ನೂ ತೆಗಿ.”

ಪೆನ್ನು ನನ್ನ ಕೈಯಲ್ಲಿತ್ತು. ನಾನು ಏನು ಬರೆದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ಮಗ ಆಗಲೇ ಹಟ್ಟಿಗೆ ಹೋಗಿದ್ದ. ಪೆನ್ನಿನ ಮೊನೆಯನ್ನು ಕಾಗದಕ್ಕೆ ತಾಗಿಸಿ ಎತ್ತಿದೆ.

“ಯಾಕ, ಮಸಿ ಮುಗೀತೇನು?” ಎಂದಳು.

ಇಲ್ಲ ಎಂದು ಹೇಳಿ ಬರೆಯತೊಡಗಿದೆ. ಅವಳು ಹೇಳಿದ್ದೆಲ್ಲ ಬರೆದೆ, ಬೇವಿನೆಣ್ಣೆಯನ್ನೂ ಬಿಡಲಿಲ್ಲ. ಕಾಗದದ ಮಡಿಕೆಯಲ್ಲಿ ಎರಡು ಬೆರಳಿನಷ್ಟು ಜಾಗ ಉಳಿಯಿತು. ಅಲ್ಲಿ ನನ್ನದು ಸೇರಿಸಿದೆ: ‘ಹಿಂದಿನ ಮೂರು ರೋಲು ಕಪ್ಪಾಗಿ ಬಂದದ್ದು ನಿನ್ನ ತಪ್ಪಲ್ಲ, ಕಾಗದದ್ದು. ಈಗ ಗಟ್ಟಿ ಕಾಗದಕ್ಕೆ ಬದಲಿಸಿದ್ದೇವೆ.’ ನನಗೆ ಮೊದಲೇ ಗೊತ್ತಿತ್ತು ಎಂಬ ಇನ್ನೊಂದು ಸಾಲಿಗೂ ಜಾಗವಿತ್ತು. ಅದನ್ನು ಬರೆಯದೆ ಅಂಟಿಸಿದೆ. ಬಸ್ ನಿಲ್ದಾಣದ ಅಂಚೆ ಡಬ್ಬಿಗೆ ಹಾಕಿ ರಾಯಚೂರಿಗೆ ಬಂದೆ.

ಮೂರು ವಾರಕ್ಕೆ ಉತ್ತರ ಬಂತು. ನಾಲ್ಕು ಪುಟ, ಅತ್ತೆಗೆ. ಕುರಿಯವರ ಮನೆ ಹುಡುಕಿಕೊಂಡು ಹೋದದ್ದು, ಆ ಹೆಂಗಸು ಉಪ್ಪು ಹಾಕಿದ ಚಹಾ ಕೊಟ್ಟದ್ದು, ಮರಿಯ ಕಾಲಿಗೆ ಗೊರಸಿನ ನಡುವೆ ಮಂಜುಗಡ್ಡೆ ಸೇರಿ ಗಾಯವಾಗಿದ್ದದ್ದು. ನನಗೆ ಬೇರೆ ಚೀಟಿ ಇತ್ತು, ಒಂದೇ ಸಾಲಿನದು: ‘ಅಕ್ಕಾ, ಇನ್ನು ಮುಂದ ಗಟ್ಟಿ ಕಾಗದದ ಮ್ಯಾಲೇ ಹಾಕಸು.’

ದೇವದುರ್ಗದ ಕಟ್ಟೆಯ ಮೇಲೆ ಆ ನಾಲ್ಕು ಪುಟವನ್ನು ನಾನು ಗಟ್ಟಿಯಾಗಿ ಓದಿದೆ. ಅತ್ತೆ ನಡುನಡುವೆ ನಕ್ಕಳು, ಮಗನನ್ನು ಕರೆದಳು, ಮರಿಯ ಕಾಲಿನ ಭಾಗವನ್ನು ಎರಡು ಸಲ ಓದಿಸಿದಳು. ಒಮ್ಮೆಯೂ ನನ್ನ ಮುಖ ನೋಡಲಿಲ್ಲ, ಅವಳ ಕಣ್ಣು ನನ್ನ ಕೈಯಲ್ಲಿದ್ದ ಕಾಗದದ ಮೇಲಿತ್ತು. ತಂಗಿ ನನಗೆ ಇಷ್ಟು ಉದ್ದದ ಪತ್ರವನ್ನು ಎಂದೂ ಬರೆದಿರಲಿಲ್ಲ.

“ನಿಂತ್ಯಾಕ ಯವ್ವಾ? ಮುಂದ ಓದು,” ಎಂದಳು.

ಓದಿದೆ.