ಮುರಿಯಲೆಂದೇ ಗಾಡಿ ಕಟ್ಟುವ ರಾಚಯ್ಯ

ಬೆಳಗಿನ ಐದೂವರೆ. ಗುಂಡ್ಲುಪೇಟೆ ಬಳಿಯ ಬೇಗೂರಿನ ಹೆದ್ದಾರಿಯಲ್ಲಿ ಮೊದಲ ಬಸ್ಸು ಹಾರನ್ ಹೊಡೆಯುವ ಹೊತ್ತಿಗೆ ರಾಚಯ್ಯ ತಾವೇ ನಿನ್ನೆ ಮಾಡಿ ಮುಗಿಸಿದ ತರಕಾರಿ ಗಾಡಿಯ ಅಡ್ಡಪಟ್ಟಿಯನ್ನು ಗರಗಸದಿಂದ ಕುಯ್ಯುತ್ತಿದ್ದಾರೆ. ಪೂರ್ತಿ ಕುಯ್ಯುವುದಿಲ್ಲ. ಮುಕ್ಕಾಲು ಭಾಗ ಕುಯ್ದು, ಸೀಳಿಗೆ ಮರದ ಪುಡಿಯನ್ನೂ ಅಂಟನ್ನೂ ಮೆತ್ತಿ, ಮೇಲೆ ಬಣ್ಣ ಬಳಿಯುತ್ತಾರೆ. ಆಮೇಲೆ ಗಾಡಿಯ ಮೇಲೆ ಮೆಲ್ಲಗೆ ಕೈಯೂರಿ ನೋಡುತ್ತಾರೆ. ಅದು ಕಿರ್ರ್ ಎಂದರೆ ಅವರ ಮುಖ ಅರಳುತ್ತದೆ.

ಸಿನಿಮಾದಲ್ಲಿ ಹೀರೋ ಖಳನಾಯಕನನ್ನು ಅಟ್ಟಿಸಿಕೊಂಡು ಹೋಗುವಾಗ ಸಂತೆಯೊಳಗೆ ಕಾರು ನುಗ್ಗಿಸಿ ಚೆಲ್ಲಾಪಿಲ್ಲಿ ಮಾಡುತ್ತಾನಲ್ಲ, ಆ ಗಾಡಿಗಳನ್ನು ಕಟ್ಟುವವರು ಇವರೇ. ಹಗುರವಾದ ಬೂರುಗದ ಮರ, ಕಬ್ಬಿಣದ ಒಂದು ಮೊಳೆಯೂ ಇಲ್ಲ, ಒಳಗೆಲ್ಲ ಹುಲ್ಲು, ಮೇಲೊಂದು ಪದರ ಟೊಮೆಟೊ. ಒಂದು ಗಾಡಿಗೆ ಎರಡು ದಿನದ ಕೆಲಸ. ಹನ್ನೊಂದು ವರ್ಷದಲ್ಲಿ ಮುನ್ನೂರ ನಲವತ್ತು ಗಾಡಿ ಕಟ್ಟಿದ್ದಾರೆ. ತೆರೆಯ ಮೇಲೆ ಒಂದೊಂದರ ಆಯಸ್ಸು ಎರಡು ಸೆಕೆಂಡು. ಅವರ ಹೆಸರು ಮಾತ್ರ ಅಷ್ಟು ಹೊತ್ತೂ ಬಂದಿಲ್ಲ.

ಮೊದಲು ಎತ್ತಿನ ಗಾಡಿ ರಿಪೇರಿ ಮಾಡುತ್ತಿದ್ದರು. ಎತ್ತುಗಳು ಕಡಿಮೆಯಾದವು, ಟ್ರ್ಯಾಕ್ಟರ್ ಬಂತು, ಕೈ ಖಾಲಿಯಾಯಿತು. ಆಗ ಗುಂಡ್ಲುಪೇಟೆ ಕಡೆ ಶೂಟಿಂಗ್‌ಗೆ ಬಂದ ಯಾರೋ ಒಂದು ಗಾಡಿ ಕೇಳಿದರು. ಇವರು ಗಟ್ಟಿಮುಟ್ಟಾಗಿ ಮಾಡಿಕೊಟ್ಟರು. ಗಾಡಿ ಮುರಿಯಲಿಲ್ಲ, ಕಾರಿನ ಮೂತಿ ಮುರಿಯಿತು. ಅವತ್ತು ತಿಂದ ಬೈಗುಳವೇ ತಮಗೆ ವಿದ್ಯೆ ಕಲಿಸಿತು ಎನ್ನುತ್ತಾರೆ.

ಇಷ್ಟು ವರ್ಷ ಹತ್ತಿರದಿಂದ ಕಂಡದ್ದಕ್ಕೋ ಏನೋ, ಹೀರೋಗಳ ಬುದ್ಧಿಯ ಮೇಲೆ ರಾಚಯ್ಯನವರಿಗೆ ಕಿಂಚಿತ್ತೂ ಗೌರವವಿಲ್ಲ. "ಪಕ್ಕದಲ್ಲೇ ಖಾಲಿ ರೋಡ್ ಅದ ಸಾ. ಬೈಪಾಸು! ಅದ ಬುಟ್ಟು ಸಂತ ಒಳಕ್ಕ ಬತ್ತಾನ. ಸಂತ ದಿವ್ಸ ಗುಂಡ್ಲುಪೇಟಲಿ ಒಂದ್ ಎಮ್ಮ ದಾಟಕ್ಕ ಅರ್ಧ ಗಂಟ ಬೇಕು, ಇವ ಕಾರ್ ನುಗ್ಗುಸ್ತಾನ" ಎಂದು ಗರಗಸ ಕೆಳಗಿಡುತ್ತಾರೆ. ಒಮ್ಮೆ ಮೂರು ಮಹಡಿ ಮನೆಯ ಸೆಟ್ಟಿಗೆ ಮೆಟ್ಟಿಲು ಮಾಡಿಕೊಟ್ಟಿದ್ದರಂತೆ. ಆ ಕೊರಗು ಇನ್ನೂ ಹೋಗಿಲ್ಲ. "ಇಪ್ಪತ್ತೆರಡು ಮೆಟ್ಲು, ನಾ ಒಂದೊಂದೂ ಉಜ್ಜಿ ನೈಸ್ ಮಾಡಿದ್ದಿ. ಅವ ಕಿಟಕಿಲಿ ನೆಗ್ದ. ಅಂಗಿ ಬಿಚ್ಚಾಕಿ ಬೇರೆ ನೆಗ್ದ. ಅಂಗಿ ಏನ್ ಮಾಡಿತ್ತು?"

ಕಳೆದ ತಿಂಗಳು ಚಾಮರಾಜನಗರದ ಹೊರಗೆ, ಮುಚ್ಚಿದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಸಂತೆಯ ಸೆಟ್ಟು ಹಾಕಿದ್ದರು. ಹದಿನಾಲ್ಕು ಗಾಡಿಗೆ ಆರ್ಡರ್. ಟೆಂಪೋದಲ್ಲಿ ಸಾಗಿಸುವಾಗ ರೋಡ್ ಹಂಪ್‌ಗೇ ಒಂದು ಗಾಡಿ ಪುಡಿಪುಡಿಯಾಯಿತು. ಕೆಲಸ ಅಷ್ಟು ಚೆನ್ನಾಗಿತ್ತು! ಲೆಕ್ಕಕ್ಕೊಂದು ಕಡಿಮೆ ಬಿತ್ತು ಎಂದು ಸೆಟ್ಟಿನ ಮೇಲ್ವಿಚಾರಕ ಸೋಮೇಶ್ ಪೇಚಾಡಿದಾಗ ರಾಚಯ್ಯ ದೊಡ್ಡ ಮನಸ್ಸು ಮಾಡಿದರು. ಊರಿಗೆ ವಾಪಸ್ ಹೋಗಿ, ಮನೆಯ ಮುಂದಿದ್ದ ಹೆಂಡತಿ ಮೂಗಮ್ಮನ ಗಾಡಿಯನ್ನು ಟೆಂಪೋಗೆ ಏರಿಸಿಬಿಟ್ಟರು. ಅವರನ್ನು ಒಂದು ಮಾತು ಕೇಳಲಿಲ್ಲ.

ಅದು ಮುರಿಯುವ ಗಾಡಿಯಲ್ಲ. ಮದುವೆಯಾದ ಹೊಸದರಲ್ಲಿ ಹೊನ್ನೆ ಮರದಲ್ಲಿ, ಕಬ್ಬಿಣದ ಅಚ್ಚು ಹಾಕಿ ಕಟ್ಟಿದ್ದು. ಮೂವತ್ತೊಂದು ವರ್ಷದಿಂದ ಮೂಗಮ್ಮ ಬಸ್ ಸ್ಟ್ಯಾಂಡಿನಲ್ಲಿ ಅದರ ಮೇಲೆ ಸೊಪ್ಪು ತರಕಾರಿ ಮಾರುತ್ತಿದ್ದಾರೆ. ರಾಚಯ್ಯನವರಿಗೆ ಕೆಲಸವಿಲ್ಲದ ತಿಂಗಳುಗಳಲ್ಲಿ ಆ ಮನೆಯ ಒಲೆ ಉರಿಯುವುದು ಆ ಗಾಡಿಯಿಂದ. "ಮೂಲೆಯಲ್ಲಿ ಸುಮ್ನೆ ನಿಂತಿರುತ್ತೆ, ಕಾರು ಹತ್ರಾನೂ ಬರಲ್ಲ" ಎಂದಿದ್ದ ಸೋಮೇಶ್. ಆದರೆ ನಿರ್ದೇಶಕರಿಗೆ ಹದಿಮೂರು ಹೊಸ ಗಾಡಿಗಳ ನಡುವೆ ಆ ಹಳೆಯದೊಂದೇ ನಿಜವಾದ ಗಾಡಿಯಂತೆ ಕಂಡಿತು. ರಾಚಯ್ಯ ಟೀ ಕುಡಿದು ಬರುವಷ್ಟರಲ್ಲಿ ಅದನ್ನು ತಂದು ನಟ್ಟನಡುವೆ ನಿಲ್ಲಿಸಿದ್ದರು. ಆಕ್ಷನ್ ಎಂದು ಕೂಗಿಯೂ ಆಗಿತ್ತು.

ಹೀರೋಗೆ ಬದಲಾಗಿ ಕಾರು ಓಡಿಸುವ ದಿಲೀಪ್ ಮೊದಲ ಮೂರು ಗಾಡಿಗಳನ್ನು ಹಾರಿಸಿಕೊಂಡು ಬರುತ್ತಿದ್ದ. ಹೊನ್ನೆ ಗಾಡಿಗೆ ಗುದ್ದಿದರೆ ಗಾಡಿಯೂ ಹೋಗುತ್ತದೆ, ಆ ಹುಡುಗನೂ ಉಳಿಯುವುದಿಲ್ಲ. ಇದು ಅಲ್ಲಿ ಗೊತ್ತಿದ್ದದ್ದು ರಾಚಯ್ಯ ಒಬ್ಬರಿಗೆ. ಐವತ್ತೆಂಟರ ಮನುಷ್ಯ ಟವಲ್ಲು ಬಿಸಾಕಿ ಓಡಿದರು. ಗಾಡಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಎದೆಯೊಡ್ಡಿ ಕಾರಿನ ಮುಂದೆ ನಿಂತೇಬಿಟ್ಟರು!

ಕಾರು ಕಿರುಚಿಕೊಂಡು ನಿಂತಾಗ ಅದಕ್ಕೂ ಅವರ ಮಂಡಿಗೂ ನಡುವೆ ಒಂದು ಗೇಣು ಇತ್ತು. ಗಾಡಿ ಹುಡುಕಿಕೊಂಡು ಬಸ್ಸು ಹತ್ತಿ ಬಂದಿದ್ದ ಮೂಗಮ್ಮ ಜನರನ್ನು ಸರಿಸಿ ಒಳಗೆ ಬಂದರು. ಗಂಡನ ಮೈಕೈ ಮುಟ್ಟಿ ನೋಡಿ, ಎಲ್ಲ ನೆಟ್ಟಗಿದೆ ಎಂದು ಗೊತ್ತಾದ ಮೇಲೆ ಬಾಯಿ ತೆರೆದರು.

"ಅಲ್ಲ ಕಣ, ಗಾಡಿಗ ನಾಕು ಚಕ್ರ ಅವ. ಪಕ್ಕಕ್ಕ ತಳ್ಳಕ್ಕ ಏನಾಗಿತ್ತು ನಿಂಗ?"

ಎಂದವರೇ ಒಂದೇ ಕೈಯಲ್ಲಿ ಗಾಡಿ ತಳ್ಳಿದರು. ಅದು ಸಲೀಸಾಗಿ ಉರುಳಿ ಗೋಡೆಯ ಬದಿಗೆ ಹೋಗಿ ನಿಂತಿತು. ಕಾರಿನೊಳಗೆ ಕುಳಿತಿದ್ದ ದಿಲೀಪನಿಗೂ ನಗು ತಡೆಯಲಾಗಲಿಲ್ಲ. ರಾಚಯ್ಯನವರು ಮಾತ್ರ ನಗಲಿಲ್ಲ, ಬಿಸಾಕಿದ ಟವಲ್ಲು ಹುಡುಕಲು ಹೋದರು.

ಈಗ ಆ ಸುದ್ದಿ ಎತ್ತಿದರೆ ಅವರು ಗರಗಸದ ಹಲ್ಲು ಸವರತೊಡಗುತ್ತಾರೆ. "ಆ ಗಳಿಗಲಿ ತಲ ಓಡದಿಲ್ಲ ಸಾ. ಪಾಪ, ಹೀರೋಗೊಳ್ಗೂ ಅಂಗೇ ಆಯ್ತದೇನೋ. ಅವ್ರ ಮನಲಿ ಮೂಗಮ್ಮಿ ಇಲ್ಲ, ಕೇಳೋರಿಲ್ಲ, ಅಷ್ಟೇಯ." ಬಸ್ ಸ್ಟ್ಯಾಂಡಿನ ಕಡೆ ಹೊರಟ ಮೂಗಮ್ಮನ ಗಾಡಿಯ ಸದ್ದು ಓಣಿಯಲ್ಲಿ ಕೇಳಿಸುತ್ತದೆ. ಅದು ತಿರುವು ದಾಟುವವರೆಗೂ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ:

"ಆದ್ರೂ ಒಂದ್ ಮಾತು ಬರ್ಕಳಿ ಸಾ. ಅಷ್ಟೊಂದ್ ಜನ ಹೀರೋಗೊಳವ್ರ. ಒಂದ್ ತರಕಾರಿ ಗಾಡಿ ಉಳಿಸ್ದವ ನಾನೊಬ್ನೇಯ."